ಲ್ಯಾಮಿನೇಟ್ ಮಾಡಿದ ಮುದ್ರಣಗಳಿಗೆ ವಿನೈಲ್ ಕಟ್ಟರ್ ಯಂತ್ರದ ಅಲಗಿನ ಒತ್ತಡ ಹೊಂದಿಸುವ ಕ್ರಮ – ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳ ಸ್ವಯಂ ಉದ್ಯೋಗ ಅರ್ಜಿದಾರರಿಗೆ ಮಾಹಿತಿ

1. ಪೀಠಿಕೆ

ಗದಗ ಜಿಲ್ಲೆಯು 1997ರಲ್ಲಿ ಅವಿಭಜಿತ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಅಸ್ತಿತ್ವಕ್ಕೆ ಬಂದಿರುತ್ತದೆ. ಜಿಲ್ಲಾ ಕೇಂದ್ರವಾದ ಗದಗ-ಬೆಟಗೇರಿ ಅವಳಿ ನಗರವು ಬಹು ಕಾಲದಿಂದ ಮುದ್ರಣ ಉದ್ಯಮಕ್ಕೆ ಹೆಸರಾಗಿದ್ದು, 'ಮುದ್ರಣ ಕಾಶಿ' ಎಂದೇ ಕರೆಯಲ್ಪಡುತ್ತದೆ. ಅಚ್ಚುಮೊಳೆಯ ಕಾಲ ಮುಗಿದು ಗಣಕಯಂತ್ರದ ಮುದ್ರಣ ಬಂದ ಮೇಲೆ ಈ ಉದ್ಯೋಗವು ತಾಲ್ಲೂಕು ಕೇಂದ್ರಗಳಿಗೂ ಹರಡಿದೆ. ರೋಣ, ನರಗುಂದ ಮತ್ತು ಗಜೇಂದ್ರಗಡ ಪಟ್ಟಣಗಳಲ್ಲಿ ಅಂಗಡಿಗಳ ನಾಮಫಲಕ, ಟ್ರ್ಯಾಕ್ಟರ್ ಹಾಗೂ ಸರಕು ವಾಹನಗಳ ಮೇಲಿನ ಬರಹ, ಕೈಮಗ್ಗ ಸೀರೆಗಳ ಪೆಟ್ಟಿಗೆಗೆ ಅಂಟಿಸುವ ಚೀಟಿ, ಜಾತ್ರೆ ಮತ್ತು ಮದುವೆ ಸಮಾರಂಭಗಳ ಅಲಂಕಾರ ಮುಂತಾದ ಕೆಲಸಗಳಿಗೆ ವಿನೈಲ್ ಕಟ್ಟರ್ ಯಂತ್ರವು ಉಪಯುಕ್ತವಾಗಿದೆ. ಕಡಿಮೆ ಸ್ಥಳ ಹಾಗೂ ಒಬ್ಬಿಬ್ಬರ ದುಡಿಮೆ ಸಾಕಾಗುವುದರಿಂದ ಸ್ವಯಂ ಉದ್ಯೋಗ ಯೋಜನೆಗಳಡಿ ಸಾಲ ಕೋರುವ ಯುವಜನರಿಗೆ ಇದು ಸೂಕ್ತವಾದ ಘಟಕವಾಗಿರುತ್ತದೆ.

ಯಂತ್ರ ಖರೀದಿಗೆ ಸಾಲ ದೊರೆತ ಮಾತ್ರಕ್ಕೆ ಘಟಕವು ನಡೆಯುವುದಿಲ್ಲ. ಬರಿಯ ಬಣ್ಣದ ವಿನೈಲ್ ಕತ್ತರಿಸಲು ಕಲಿತವರು ಲ್ಯಾಮಿನೇಟ್ ಮಾಡಿದ ಮುದ್ರಿತ ಹಾಳೆಯನ್ನು ಅದೇ ಅಳತೆಯಲ್ಲಿ ಯಂತ್ರಕ್ಕೆ ಹಾಕಿದಾಗ ಹಾಳೆ ಕತ್ತರಿಸದೆ ಉಳಿಯುತ್ತದೆ. ಒತ್ತಡವನ್ನು ಅಂದಾಜಿನಲ್ಲಿ ಏರಿಸಿದರೆ ಹಿಂಬದಿಯ ಕಾಗದವೂ ತುಂಡಾಗುತ್ತದೆ. ಮುದ್ರಣ, ಲ್ಯಾಮಿನೇಷನ್ ಮತ್ತು ಕಾಯುವಿಕೆ ಎಲ್ಲವೂ ಮುಗಿದ ನಂತರ ಕೊನೆಯ ಹಂತದಲ್ಲಿ ಈ ಹಾನಿ ಸಂಭವಿಸುವುದರಿಂದ ಅದುವರೆಗಿನ ಎಲ್ಲ ವೆಚ್ಚವೂ ವ್ಯರ್ಥವಾಗುತ್ತದೆ. ದುಡಿಯುವ ಬಂಡವಾಳ ಕಡಿಮೆ ಇರುವ ಹೊಸ ಘಟಕಕ್ಕೆ ಇದು ಸಣ್ಣ ನಷ್ಟವಲ್ಲ. ಆದ್ದರಿಂದ ಅರ್ಜಿದಾರರ ಹಾಗೂ ಈಗಾಗಲೇ ಘಟಕ ನಡೆಸುತ್ತಿರುವವರ ಅನುಕೂಲಕ್ಕಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

2. ಯಂತ್ರದ ಕಾರ್ಯವಿಧಾನ

ವಿನೈಲ್ ಕಟ್ಟರ್ ಎಂಬುದು ಗಣಕಯಂತ್ರದಲ್ಲಿ ರಚಿಸಿದ ರೇಖೆಗಳನ್ನು ಅನುಸರಿಸಿ ಹಾಳೆಯನ್ನು ಕತ್ತರಿಸುವ ಯಂತ್ರ. ಹಾಳೆಯು ಉರುಳೆಗಳ ನಡುವೆ ಹಿಂದಕ್ಕೂ ಮುಂದಕ್ಕೂ ಚಲಿಸುತ್ತದೆ. ಅಲಗನ್ನು ಹೊತ್ತ ಗಾಡಿಯು ಎಡಕ್ಕೂ ಬಲಕ್ಕೂ ಚಲಿಸುತ್ತದೆ. ಈ ಎರಡು ಚಲನೆಗಳ ಜೋಡಣೆಯಿಂದ ಯಾವುದೇ ಆಕಾರವನ್ನು ಕತ್ತರಿಸಬಹುದು. ಅಲಗು ತನ್ನ ಹಿಡಿಕೆಯೊಳಗೆ ಸಣ್ಣ ಬೇರಿಂಗಿನ ಮೇಲೆ ಸ್ವತಂತ್ರವಾಗಿ ತಿರುಗುತ್ತಿದ್ದು, ಎಳೆದ ದಿಕ್ಕಿಗೆ ತಾನೇ ಮುಖ ಮಾಡುತ್ತದೆ.

ಅಂಟುಚೀಟಿ ತಯಾರಿಕೆಯಲ್ಲಿ ಮೇಲಿನ ಪದರಗಳನ್ನು ಮಾತ್ರ ಕತ್ತರಿಸಿ ಹಿಂಬದಿಯ ಕಾಗದವನ್ನು ಹಾಗೆಯೇ ಉಳಿಸಬೇಕಾಗುತ್ತದೆ. ಇದನ್ನು ವ್ಯವಹಾರದಲ್ಲಿ 'ಕಿಸ್ ಕಟ್' ಎಂದೂ, ಹಿಂಬದಿಯ ಕಾಗದವನ್ನು 'ಲೈನರ್' ಎಂದೂ ಕರೆಯಲಾಗುತ್ತದೆ. ಲೈನರಿನ ಮೇಲ್ಮೈಗೆ ಸಿಲಿಕೋನ್ ಲೇಪನವಿರುವುದರಿಂದ ಅಂಟು ಸುಲಭವಾಗಿ ಬಿಟ್ಟು ಬರುತ್ತದೆ. ಅಲಗು ಆ ಲೇಪನವನ್ನು ಭೇದಿಸಿದರೆ ಅಂಟು ಕಾಗದದ ನಾರಿಗೆ ಹಿಡಿಯುತ್ತದೆ. ಚೀಟಿ ಬಿಡಿಸುವಾಗ ಕಾಗದದ ಎಳೆಗಳು ಅಂಟಿನ ಜೊತೆಗೇ ಬರುತ್ತವೆ. ಅಂತಹ ಚೀಟಿಯ ಅಂಚು ಫಲಕದ ಮೇಲೆ ಸರಿಯಾಗಿ ಕೂರದೆ ಮಳೆ ಬಿಸಿಲಿಗೆ ಬೇಗನೆ ಏಳುತ್ತದೆ.

3. ಅಲಗಿನ ಆಳ ಮತ್ತು ಅಲಗಿನ ಒತ್ತಡ – ವ್ಯತ್ಯಾಸ

ಆಳ ಮತ್ತು ಒತ್ತಡ ಬೇರೆ ಬೇರೆ ಸಂಗತಿಗಳಾಗಿದ್ದು, ಇವುಗಳನ್ನು ಒಂದೇ ಎಂದು ತಿಳಿಯುವುದೇ ಹೆಚ್ಚಿನ ತಪ್ಪುಗಳಿಗೆ ಕಾರಣ.

ಅ) ಆಳ: ಹಿಡಿಕೆಯ ತುದಿಯಿಂದ ಅಲಗು ಎಷ್ಟು ಹೊರಗೆ ಚಾಚಿದೆ ಎಂಬ ಅಳತೆ. ಇದನ್ನು ಹಿಡಿಕೆಯ ತಿರುಪನ್ನು ತಿರುಗಿಸಿ ಕೈಯಿಂದ ಹೊಂದಿಸಬೇಕು. ಅಲಗು ಗರಿಷ್ಠ ಎಲ್ಲಿಯವರೆಗೆ ಇಳಿಯಬಹುದು ಎಂಬುದನ್ನು ಇದು ನಿರ್ಧರಿಸುತ್ತದೆ.

ಆ) ಒತ್ತಡ: ಯಂತ್ರವು ಹಿಡಿಕೆಯನ್ನು ಕೆಳಕ್ಕೆ ಒತ್ತುವ ಬಲ. ಇದನ್ನು ಯಂತ್ರದ ಫಲಕದಲ್ಲಿ ಅಥವಾ ತಂತ್ರಾಂಶದಲ್ಲಿ ಸಾಮಾನ್ಯವಾಗಿ ಗ್ರಾಂ ಲೆಕ್ಕದಲ್ಲಿ ನಮೂದಿಸಲಾಗುತ್ತದೆ. ಅನುಮತಿಸಿದ ಆಳದವರೆಗೆ ಅಲಗು ನಿಜವಾಗಿ ಇಳಿಯುವುದೋ ಇಲ್ಲವೋ ಎಂಬುದನ್ನು ಇದು ನಿರ್ಧರಿಸುತ್ತದೆ.

ಆಳ ಕಡಿಮೆಯಿದ್ದಾಗ ಒತ್ತಡವನ್ನು ಎಷ್ಟು ಏರಿಸಿದರೂ ಪ್ರಯೋಜನವಿಲ್ಲ. ಹಿಡಿಕೆಯ ಮೂಗು ಹಾಳೆಗೆ ತಾಗಿ ನಿಲ್ಲುತ್ತದೆ. ಹೆಚ್ಚಿನ ಬಲವು ಆ ಮೂಗಿನ ಮೂಲಕ ಹೊಳಪಿನ ಲ್ಯಾಮಿನೇಷನ್ ಮೇಲೆ ಉಜ್ಜಿದ ಗೆರೆಯಾಗಿ ಕಾಣಿಸಿಕೊಳ್ಳುತ್ತದೆ. ಆಳ ಹೆಚ್ಚಾದಾಗ ಸ್ವಲ್ಪ ಒತ್ತಡಕ್ಕೂ ಲೈನರ್ ತುಂಡಾಗುವ ಅಪಾಯವಿದೆ. ಆದ್ದರಿಂದ ಮೊದಲು ಆಳವನ್ನೂ, ನಂತರ ಒತ್ತಡವನ್ನೂ ಹೊಂದಿಸತಕ್ಕದ್ದು. ಈ ಕ್ರಮವನ್ನು ಹಿಂದುಮುಂದು ಮಾಡಬಾರದು.

4. ಲ್ಯಾಮಿನೇಟ್ ಹಾಳೆಯ ದಪ್ಪದ ಲೆಕ್ಕ

ಸಾಮಾನ್ಯ ಮುದ್ರಣ ವಿನೈಲಿನ ಪದರ 80ರಿಂದ 100 ಮೈಕ್ರಾನ್ ಇರುತ್ತದೆ. ಅದರ ಕೆಳಗೆ ಸುಮಾರು 20 ಮೈಕ್ರಾನ್ ಅಂಟು ಇರುತ್ತದೆ. ಮೇಲೆ ಹಾಕುವ ಲ್ಯಾಮಿನೇಷನ್ ಪದರ 60ರಿಂದ 80 ಮೈಕ್ರಾನ್ ಇದ್ದು, ಅದಕ್ಕೂ ತನ್ನದೇ ಆದ ಸುಮಾರು 20 ಮೈಕ್ರಾನ್ ಅಂಟು ಇರುತ್ತದೆ. ಒಟ್ಟಾಗಿ ಅಲಗು ಕತ್ತರಿಸಬೇಕಾದ ದಪ್ಪ ಸುಮಾರು 200 ಮೈಕ್ರಾನ್, ಅಂದರೆ 0.20 ಮಿಲಿಮೀಟರ್. ಲ್ಯಾಮಿನೇಷನ್ ಇಲ್ಲದ ಹಾಳೆಯಲ್ಲಿ ಇದು ಸುಮಾರು ಅರ್ಧದಷ್ಟು ಮಾತ್ರ. ಲೈನರಿನ ದಪ್ಪ ಸಾಮಾನ್ಯವಾಗಿ 0.15 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ.

ಹೀಗಾಗಿ ಅಲಗು ಹಿಡಿಕೆಯಿಂದ 0.20ರಿಂದ 0.25 ಮಿಲಿಮೀಟರ್ ಚಾಚಿದ್ದರೆ ಸಾಕು. 0.35 ಮಿಲಿಮೀಟರ್ ತಲುಪಿದರೆ ಲೈನರ್ ಪೂರ್ಣವಾಗಿ ತುಂಡಾಗುತ್ತದೆ. ಅಂದಾಜಿಗೆ ಬ್ಯಾಂಕಿನ ಎಟಿಎಂ ಕಾರ್ಡನ್ನು ಬಳಸಬಹುದು. ಅದರ ದಪ್ಪ 0.76 ಮಿಲಿಮೀಟರ್ ಇರುತ್ತದೆ. ಕಾರ್ಡನ್ನು ಹಿಡಿಕೆಯ ಪಕ್ಕದಲ್ಲಿಟ್ಟು ನೋಡಿದಾಗ ಅಲಗಿನ ತುದಿ ಕಾರ್ಡಿನ ದಪ್ಪದ ಮೂರನೇ ಒಂದು ಭಾಗದಷ್ಟು ಮಾತ್ರ ಕಾಣಿಸಬೇಕು. ಮೇಲ್ಕಂಡ ಅಳತೆಗಳು ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ ರೋಲಿನ ಪೆಟ್ಟಿಗೆಯ ಮೇಲೆ ನಮೂದಿಸಿದ ದಪ್ಪವನ್ನು ಓದಿಕೊಂಡು ಲೆಕ್ಕ ಮಾಡತಕ್ಕದ್ದು.

5. ಪೂರ್ವಸಿದ್ಧತೆ

(1) ಮುದ್ರಣ ಒಣಗುವಿಕೆ: ದ್ರಾವಕ ಆಧಾರಿತ ಶಾಯಿಯಿಂದ ಮುದ್ರಿಸಿದ ಹಾಳೆಯನ್ನು ಕನಿಷ್ಠ 24 ಗಂಟೆ ಸಡಿಲವಾಗಿ ತೆರೆದಿಟ್ಟ ನಂತರವೇ ಲ್ಯಾಮಿನೇಟ್ ಮಾಡತಕ್ಕದ್ದು. ಕೈಗೆ ಒಣಗಿದಂತೆ ಕಂಡರೂ ಶಾಯಿಯಲ್ಲಿ ದ್ರಾವಕ ಉಳಿದಿರುತ್ತದೆ. ಅದು ಲ್ಯಾಮಿನೇಷನ್ ಅಡಿಯಲ್ಲಿ ಸಿಕ್ಕಿಕೊಂಡರೆ ವಿನೈಲ್ ಮೆತ್ತಗಾಗಿ, ಅಂಟು ಸಡಿಲಗೊಂಡು, ಕತ್ತರಿಸಿದ ಅಂಚು ಸುರುಳಿಯಾಗುತ್ತದೆ. ಇಂತಹ ಹಾಳೆಗೆ ಸರಿಯಾದ ಒತ್ತಡ ಎಂಬುದೇ ಸಿಗುವುದಿಲ್ಲ.

(2) ಧೂಳು: ಎರೆಭೂಮಿಯ ಈ ತಾಲ್ಲೂಕುಗಳಲ್ಲಿ ಬೇಸಿಗೆಯ ಗಾಳಿಗೆ ನುಣುಪಾದ ಧೂಳು ಏಳುವುದು ಸಾಮಾನ್ಯ. ಗಾಳಿಯಂತ್ರಗಳನ್ನು ಸ್ಥಾಪಿಸಿರುವ ಗಜೇಂದ್ರಗಡದ ಗುಡ್ಡಗಳ ಆಸುಪಾಸಿನಲ್ಲಿ ಇದನ್ನು ವಿಶೇಷವಾಗಿ ಗಮನಿಸಬೇಕು. ಎರಡು ಪದರಗಳ ನಡುವೆ ಸೇರಿದ ಒಂದು ಕಣವೂ ಅಲಗನ್ನು ಎತ್ತಿಹಾಕಬಲ್ಲದು. ಲ್ಯಾಮಿನೇಷನ್ ಕೆಲಸವನ್ನು ರಸ್ತೆಗೆ ತೆರೆದ ಕಟ್ಟೆಯ ಮೇಲೆ ಮಾಡದೆ ಒಳಕೋಣೆಯಲ್ಲಿ, ನೆಲ ಒರೆಸಿ, ಫ್ಯಾನ್ ನಿಲ್ಲಿಸಿ ಮಾಡುವುದು ಸೂಕ್ತ.

(3) ಉಷ್ಣತೆ: ತಗಡಿನ ಮಾಳಿಗೆಯ ಅಂಗಡಿಯಲ್ಲಿ ಬೆಳಗಿನ ಮತ್ತು ಮಧ್ಯಾಹ್ನದ ಉಷ್ಣತೆಗೆ ಹೆಚ್ಚಿನ ಅಂತರವಿರುತ್ತದೆ. ಬಿಸಿಗೆ ಅಂಟು ಮೆತ್ತಗಾಗಿ ಅಲಗಿಗೆ ಹತ್ತಿಕೊಳ್ಳುತ್ತದೆ. ಬೆಳಿಗ್ಗೆ ಸರಿಯಾಗಿದ್ದ ಹೊಂದಾಣಿಕೆ ಮಧ್ಯಾಹ್ನಕ್ಕೆ ತಪ್ಪಾಗಬಹುದು. ಬೇಸಿಗೆಯಲ್ಲಿ ಲ್ಯಾಮಿನೇಟ್ ಹಾಳೆಗಳ ಕತ್ತರಿಸುವಿಕೆಯನ್ನು ಬೆಳಗಿನ ವೇಳೆಗೆ ಇಟ್ಟುಕೊಳ್ಳುವುದು ಲೇಸು.

(4) ಅಲಗು ಮತ್ತು ಪಟ್ಟಿ: ಅಲಗನ್ನು ಹಿಡಿಕೆಯಿಂದ ಹೊರತೆಗೆದು ಒಳಗೆ ಸಿಕ್ಕಿಕೊಂಡ ವಿನೈಲ್ ಚೂರು ಹಾಗೂ ಅಂಟನ್ನು ಸ್ವಚ್ಛಗೊಳಿಸಬೇಕು. ಅಲಗಿನ ಕೆಳಗೆ ಯಂತ್ರದ ಉದ್ದಕ್ಕೂ ಇರುವ ಬಿಳಿಯ ರಕ್ಷಣಾ ಪಟ್ಟಿಯ ಮೇಲೆ ಬೆರಳಾಡಿಸಿ ನೋಡಬೇಕು. ಅಲ್ಲಿ ಗೀರುಗಳು ಬಿದ್ದು ತಗ್ಗಾಗಿದ್ದರೆ ಆ ಜಾಗದಲ್ಲಿ ಹಾಳೆ ಬಗ್ಗಿ ಅಲಗು ಪೂರ್ಣ ಇಳಿಯುವುದಿಲ್ಲ. ಅಂತಹ ಪಟ್ಟಿಯನ್ನು ಬದಲಾಯಿಸದೆ ಒತ್ತಡ ಏರಿಸುವುದರಿಂದ ತೊಂದರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

(5) ವಿದ್ಯುತ್: ಕತ್ತರಿಸುವ ನಡುವೆ ವಿದ್ಯುತ್ ಹೋದರೆ ಯಂತ್ರವು ತಾನಿದ್ದ ಸ್ಥಾನವನ್ನು ಮರೆಯುತ್ತದೆ, ಮತ್ತೆ ಆರಂಭಿಸಿದಾಗ ಗೆರೆಗಳು ಕೂಡಿಬರುವುದಿಲ್ಲ. ಯಂತ್ರ ಮತ್ತು ಗಣಕಯಂತ್ರ ಎರಡಕ್ಕೂ ಯುಪಿಎಸ್ ಅಳವಡಿಸುವುದು ಅವಶ್ಯ. ಯೋಜನಾ ವರದಿಯಲ್ಲಿ ಇದರ ವೆಚ್ಚವನ್ನು ಮೊದಲೇ ಸೇರಿಸತಕ್ಕದ್ದು.

6. ಒತ್ತಡ ಹೊಂದಿಸುವ ಕ್ರಮ

ಹಂತ 1. ಅಲಗಿನ ಆಯ್ಕೆ: ಅಲಗುಗಳು ಸಾಮಾನ್ಯವಾಗಿ 30, 45 ಮತ್ತು 60 ಡಿಗ್ರಿ ಕೋನಗಳಲ್ಲಿ ದೊರೆಯುತ್ತವೆ. ಸುಮಾರು 0.20 ಮಿಲಿಮೀಟರ್ ದಪ್ಪದ ಲ್ಯಾಮಿನೇಟ್ ಹಾಳೆಗೆ 45 ಡಿಗ್ರಿ ಅಲಗು ಸಾಕಾಗುತ್ತದೆ. ಅದಕ್ಕಿಂತ ದಪ್ಪನೆಯ ಹಾಳೆಗೂ ಪ್ರತಿಫಲನ ಹಾಳೆಗೂ 60 ಡಿಗ್ರಿ ಅಲಗು ಉತ್ತಮ. ಲ್ಯಾಮಿನೇಟ್ ಕೆಲಸಕ್ಕೆ ಪ್ರತ್ಯೇಕ ಅಲಗನ್ನು ಇಟ್ಟುಕೊಳ್ಳುವುದು ಮಿತವ್ಯಯದ ಕ್ರಮ. ಏಕೆಂದರೆ ದಪ್ಪ ಹಾಳೆಯಲ್ಲಿ ಮೊಂಡಾದ ಅಲಗು ತೆಳು ವಿನೈಲನ್ನು ಹರಿಯುತ್ತದೆ.

ಹಂತ 2. ಆಳದ ಪರೀಕ್ಷೆ: ಯಂತ್ರಕ್ಕೆ ಹಾಕುವ ಮೊದಲು ಹಿಡಿಕೆಯನ್ನು ಪೆನ್ನಿನಂತೆ ನೇರವಾಗಿ ಹಿಡಿದು ಅದೇ ಹಾಳೆಯ ಮೂಲೆಯಲ್ಲಿ ಗಟ್ಟಿಯಾಗಿ ಒಂದು ಗೆರೆ ಎಳೆಯಬೇಕು. ಎರಡೂ ಪದರಗಳು ತುಂಡಾಗಿ ಲೈನರಿನ ಮೇಲೆ ಉಗುರಿನಿಂದ ಗೀಚಿದಷ್ಟು ಮಸುಕಾದ ಗುರುತು ಮಾತ್ರ ಬೀಳಬೇಕು. ಲೈನರ್ ತುಂಡಾದರೆ ಅಲಗನ್ನು ಒಳಕ್ಕೆ, ಪದರ ತುಂಡಾಗದಿದ್ದರೆ ಹೊರಕ್ಕೆ, ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಮತ್ತೆ ಪರೀಕ್ಷಿಸಬೇಕು.

ಹಂತ 3. ಆಫ್‌ಸೆಟ್: ಅಲಗಿನ ತುದಿಯು ಹಿಡಿಕೆಯ ಮಧ್ಯರೇಖೆಯಿಂದ ಸ್ವಲ್ಪ ಹಿಂದೆ ಇರುತ್ತದೆ. ಈ ಅಂತರವನ್ನು ಯಂತ್ರಕ್ಕೆ ತಿಳಿಸಬೇಕಾಗುತ್ತದೆ. 45 ಡಿಗ್ರಿ ಅಲಗುಗಳಲ್ಲಿ ಇದು ಸಾಮಾನ್ಯವಾಗಿ 0.25 ಮಿಲಿಮೀಟರ್ ಇರುತ್ತದೆ. ಅಲಗಿನ ಡಬ್ಬಿಯ ಮೇಲೆ ನಮೂದಿಸಿದ ಅಳತೆಯೇ ಅಂತಿಮ. ಆಫ್‌ಸೆಟ್ ತಪ್ಪಿದ್ದರೆ ಮೂಲೆಗಳು ದುಂಡಾಗುತ್ತವೆ ಅಥವಾ ಕೊಂಬಿನಂತೆ ಹೊರಚಾಚುತ್ತವೆ.

ಹಂತ 4. ವೇಗ: ಲ್ಯಾಮಿನೇಟ್ ಹಾಳೆಗೆ ಸೆಕೆಂಡಿಗೆ 10ರಿಂದ 20 ಸೆಂಟಿಮೀಟರ್ ವೇಗ ಸಾಕು. ಹೆಚ್ಚಿನ ವೇಗದಲ್ಲಿ ಅಲಗು ತಿರುವುಗಳಲ್ಲಿ ಮೇಲೇಳುವುದರಿಂದ ಒತ್ತಡ ಸಾಲದು ಎಂಬ ತಪ್ಪು ತಿಳಿವಳಿಕೆ ಉಂಟಾಗುತ್ತದೆ.

ಹಂತ 5. ಆರಂಭದ ಒತ್ತಡ: ಲ್ಯಾಮಿನೇಷನ್ ಇಲ್ಲದ ವಿನೈಲಿಗೆ 70ರಿಂದ 110 ಗ್ರಾಂ ಸಾಕಾಗುವ ಯಂತ್ರದಲ್ಲಿ ಲ್ಯಾಮಿನೇಟ್ ಹಾಳೆಗೆ ಸುಮಾರು 130ರಿಂದ 200 ಗ್ರಾಂ ಬೇಕಾಗಬಹುದು. ಆದರೆ ನೇರವಾಗಿ ಮೇಲಿನ ಅಂಕಿಗೆ ಹೋಗಬಾರದು. 100 ಗ್ರಾಂನಿಂದ ಆರಂಭಿಸಿ, ಪರೀಕ್ಷಾ ಚೌಕ ಕತ್ತರಿಸಿ, ಪ್ರತಿ ಬಾರಿ 10 ಗ್ರಾಂನಷ್ಟು ಏರಿಸುತ್ತ ಹೋಗಬೇಕು.

ಹಂತ 6. ಪರೀಕ್ಷಾ ಚೌಕದ ಪರಿಶೀಲನೆ: ಚೌಕವನ್ನು ಸೂಜಿಯ ತುದಿಯಿಂದ ಎತ್ತಬೇಕು. ಸುತ್ತಲಿನ ಹಾಳೆಯನ್ನು ಎಳೆಯದೆ, ನಾಲ್ಕು ಮೂಲೆಗಳೂ ಸ್ವಚ್ಛವಾಗಿ ಬಿಟ್ಟು ಬರಬೇಕು. ಮೇಲಿನ ಲ್ಯಾಮಿನೇಷನ್ ಮಾತ್ರ ಎದ್ದು ಮುದ್ರಿತ ವಿನೈಲ್ ಕೆಳಗೇ ಉಳಿದರೆ ಒತ್ತಡ ಸಾಲದು ಎಂದರ್ಥ. ಚೌಕ ತೆಗೆದ ನಂತರ ಲೈನರನ್ನು ಬೆಳಕಿಗೆ ಹಿಡಿದು ನೋಡಬೇಕು. ಬೆಳಕು ಗೆರೆಯಾಗಿ ತೂರಿ ಬಂದರೆ ಒತ್ತಡ ಅಥವಾ ಆಳ ಹೆಚ್ಚಾಗಿದೆ ಎಂದರ್ಥ. ಚೌಕ ಸ್ವಚ್ಛವಾಗಿ ಏಳುವ ಅತ್ಯಂತ ಕಡಿಮೆ ಒತ್ತಡವೇ ಸರಿಯಾದ ಒತ್ತಡ.

ಹಂತ 7. ಮೂರು ಕಡೆ ಪರೀಕ್ಷೆ: ಹಾಳೆಯ ಎಡ, ಮಧ್ಯ ಮತ್ತು ಬಲ ಭಾಗಗಳಲ್ಲಿ ಒಂದೊಂದು ಚೌಕ ಕತ್ತರಿಸಿ ನೋಡಬೇಕು. ಒಂದೇ ಕಡೆ ದೋಷ ಕಂಡುಬಂದರೆ ಅದು ಒತ್ತಡದ ದೋಷವಲ್ಲ; ರಕ್ಷಣಾ ಪಟ್ಟಿ ಅಥವಾ ಹಾಳೆ ಒತ್ತುವ ಉರುಳೆಯ ದೋಷವಾಗಿರುತ್ತದೆ.

ಹಂತ 8. ದಾಖಲೆ: ಸರಿಹೊಂದಿದ ಅಳತೆಗಳನ್ನು ವಹಿಯಲ್ಲಿ ಬರೆದಿಡತಕ್ಕದ್ದು. ದಿನಾಂಕ, ವಿನೈಲಿನ ಹೆಸರು ಮತ್ತು ದಪ್ಪ, ಲ್ಯಾಮಿನೇಷನ್ ಬಗೆ, ಅಲಗಿನ ಕೋನ, ಒತ್ತಡ, ವೇಗ ಮತ್ತು ಷರಾ ಎಂಬ ಏಳು ಅಂಕಣಗಳ ಒಂದು ಸಾದಾ ನೋಟ್ ಪುಸ್ತಕ ಸಾಕು. ದಿನ ಕಳೆದಂತೆ ಅದೇ ಹಾಳೆಗೆ ಹೆಚ್ಚು ಹೆಚ್ಚು ಒತ್ತಡ ಬೇಕಾಗುತ್ತಿದ್ದರೆ ಅಲಗು ಮೊಂಡಾಗುತ್ತಿದೆ ಎಂಬುದು ವಹಿಯಿಂದಲೇ ತಿಳಿದುಬರುತ್ತದೆ.

7. ಗುರುತುಗಳನ್ನು ಓದುವ ತೊಂದರೆ

ಮುದ್ರಿತ ಚಿತ್ರದ ಅಂಚನ್ನೇ ಅನುಸರಿಸಿ ಕತ್ತರಿಸಲು ಹಾಳೆಯ ಮೂಲೆಗಳಲ್ಲಿ ಕಪ್ಪು ಗುರುತುಗಳನ್ನು ಮುದ್ರಿಸಲಾಗಿರುತ್ತದೆ. ಯಂತ್ರದ ಬೆಳಕಿನ ಸಂವೇದಕ ಅವುಗಳನ್ನು ಓದುತ್ತದೆ. ಹೊಳಪಿನ ಲ್ಯಾಮಿನೇಷನ್ ಬೆಳಕನ್ನು ಪ್ರತಿಫಲಿಸುವುದರಿಂದ ಗುರುತು ಸಿಗದೆ ಹೋಗಬಹುದು. ಅಂತಹ ಸಂದರ್ಭದಲ್ಲಿ ಗುರುತುಗಳ ಮೇಲೆ ಮಾತ್ರ ಹೊಳಪಿಲ್ಲದ ಪಾರದರ್ಶಕ ಟೇಪನ್ನು ಅಂಟಿಸಿದರೆ ಓದುವಿಕೆ ಸುಗಮವಾಗುತ್ತದೆ. ಅಂಗಡಿಯ ಮುಂಬಾಗಿಲಿನ ಬಿಸಿಲು ನೇರವಾಗಿ ಯಂತ್ರದ ಮೇಲೆ ಬೀಳದಂತೆಯೂ ನೋಡಿಕೊಳ್ಳಬೇಕು. ಕತ್ತರಿಸಿದ ಗೆರೆ ಎಲ್ಲೆಡೆ ಒಂದೇ ಪ್ರಮಾಣದಲ್ಲಿ ಪಕ್ಕಕ್ಕೆ ಸರಿದಿದ್ದರೆ ಅದು ಸಂವೇದಕದ ಹೊಂದಾಣಿಕೆಯ ವಿಷಯವಾಗಿದ್ದು, ಒತ್ತಡವನ್ನು ಮುಟ್ಟುವ ಅವಶ್ಯಕತೆ ಇರುವುದಿಲ್ಲ.

8. ಕನ್ನಡ ಅಕ್ಷರಗಳನ್ನು ಕತ್ತರಿಸುವಾಗ ಗಮನಿಸಬೇಕಾದ ಅಂಶಗಳು

ಕನ್ನಡ ಲಿಪಿಯು ದುಂಡಾದ ತಿರುವುಗಳಿಂದ ಕೂಡಿದ್ದು, ಒತ್ತಕ್ಷರ ಮತ್ತು ತಲೆಕಟ್ಟುಗಳಲ್ಲಿ ಸಣ್ಣ ಸಣ್ಣ ಭಾಗಗಳಿರುತ್ತವೆ. ಒತ್ತಡ ಹೆಚ್ಚಾದಾಗ ಮೊದಲು ಹಾಳಾಗುವವು ಈ ಭಾಗಗಳೇ. ಅಲಗು ಸಣ್ಣ ಸುತ್ತಿನಲ್ಲಿ ಲೈನರಿನೊಳಗೆ ಸಿಕ್ಕಿಕೊಂಡು ತಿರುಗಲಾರದೆ ಒತ್ತಕ್ಷರವನ್ನೇ ಕಿತ್ತು ತರುತ್ತದೆ.

ಹಳೆಯ ಸಂಕೇತೀಕರಣದ ನುಡಿ ಮೊದಲಾದ ಅಕ್ಷರಶೈಲಿಗಳಲ್ಲಿ ಒಂದು ಅಕ್ಷರವು ಹಲವು ಬಿಡಿ ತುಣುಕುಗಳನ್ನು ಜೋಡಿಸಿ ರೂಪುಗೊಳ್ಳುತ್ತದೆ. ತುಣುಕುಗಳು ಒಂದರ ಮೇಲೊಂದು ಹಾಯುವಲ್ಲಿ ಮುದ್ರಣದಲ್ಲಿ ಏನೂ ಕಾಣಿಸುವುದಿಲ್ಲ. ಆದರೆ ಕಟ್ಟರ್ ಯಂತ್ರವು ಪ್ರತಿ ತುಣುಕಿನ ಅಂಚನ್ನೂ ಕತ್ತರಿಸುತ್ತದೆ. ಹೀಗಾಗಿ ಅಕ್ಷರದ ನಡುವೆಯೇ ಗೆರೆ ಬಿದ್ದು ಅದು ಎರಡಾಗಿ ಬಿಟ್ಟು ಬರುತ್ತದೆ. ಇದನ್ನು ಒತ್ತಡದ ದೋಷವೆಂದು ತಿಳಿಯಬಾರದು. ಅಕ್ಷರಗಳನ್ನು ರೇಖಾಚಿತ್ರವಾಗಿ ಪರಿವರ್ತಿಸಿ, ಹಾಯ್ದ ಭಾಗಗಳನ್ನು ತಂತ್ರಾಂಶದಲ್ಲಿ 'ವೆಲ್ಡ್' ಆಜ್ಞೆಯಿಂದ ಒಂದುಗೂಡಿಸಿದ ನಂತರವೇ ಕತ್ತರಿಸಲು ಕಳುಹಿಸತಕ್ಕದ್ದು. ಲ್ಯಾಮಿನೇಟ್ ಹಾಳೆಯಲ್ಲಿ ತೀರ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಕತ್ತರಿಸುವುದಕ್ಕಿಂತ, ಅವುಗಳನ್ನು ಮುದ್ರಿಸಿ ಹೊರ ಅಂಚನ್ನು ಮಾತ್ರ ಕತ್ತರಿಸುವುದು ಸೂಕ್ತ.

9. ಸಾಮಾನ್ಯ ದೋಷಗಳು ಮತ್ತು ಪರಿಹಾರ

– ಲ್ಯಾಮಿನೇಷನ್ ಮಾತ್ರ ಕತ್ತರಿಸಿದೆ: ಒತ್ತಡವನ್ನು 10 ಗ್ರಾಂನಂತೆ ಏರಿಸುವುದು, ಸರಿಹೋಗದಿದ್ದರೆ ಆಳವನ್ನು ಪರಿಶೀಲಿಸುವುದು.
– ಲೈನರ್ ತುಂಡಾಗಿದೆ: ಅಲಗಿನ ಚಾಚುವಿಕೆಯನ್ನು ಕಡಿಮೆ ಮಾಡಿ, ಹಂತ 5ರಿಂದ ಪುನಃ ಆರಂಭಿಸುವುದು.
– ಕತ್ತರಿಸಿದ ಗೆರೆಯ ಪಕ್ಕದಲ್ಲಿ ಉಜ್ಜಿದ ಗುರುತು: ಹಿಡಿಕೆಯ ಮೂಗು ಒತ್ತುತ್ತಿದೆ, ಒತ್ತಡ ಇಳಿಸಿ ಆಳವನ್ನು ಪರಿಶೀಲಿಸುವುದು.
– ಆಕಾರದ ಆರಂಭ ಮತ್ತು ಅಂತ್ಯ ಕೂಡುತ್ತಿಲ್ಲ: ಆಫ್‌ಸೆಟ್ ಪರಿಶೀಲಿಸುವುದು, ಯಂತ್ರದಲ್ಲಿ ಸೌಲಭ್ಯವಿದ್ದಲ್ಲಿ 'ಓವರ್‌ಕಟ್' ಬಳಸುವುದು.
– ಅಂಚು ಹರಿದಂತಿದೆ: ಅಲಗು ಮೊಂಡಾಗಿದೆ ಅಥವಾ ಒಳಗೆ ಚೂರು ಸಿಕ್ಕಿಕೊಂಡಿದೆ, ಸ್ವಚ್ಛಗೊಳಿಸುವುದು ಅಥವಾ ಬದಲಾಯಿಸುವುದು.
– ಕತ್ತರಿಸಿದ ಮರುದಿನ ಅಂಚು ಎದ್ದಿದೆ: ಮುದ್ರಣ ಪೂರ್ಣ ಒಣಗುವ ಮೊದಲೇ ಲ್ಯಾಮಿನೇಟ್ ಮಾಡಿರುವ ಅಥವಾ ಲ್ಯಾಮಿನೇಷನನ್ನು ಎಳೆದು ಹಾಕಿರುವ ಸಂಭವವಿದೆ.
– ಉದ್ದನೆಯ ಕೆಲಸದಲ್ಲಿ ಹಾಳೆ ವಾರೆಯಾಗುತ್ತದೆ: ರೋಲನ್ನು ಮೊದಲೇ ಬಿಚ್ಚಿ ಸಡಿಲ ಬಿಡುವುದು, ಎರಡೂ ಬದಿಯ ಉರುಳೆಗಳ ಹಿಡಿತ ಸಮನಾಗಿದೆಯೇ ನೋಡುವುದು.

10. ನಷ್ಟದ ಲೆಕ್ಕಾಚಾರ

ಪರೀಕ್ಷಾ ಚೌಕಗಳಿಗೆ ಹಾಳೆ ವ್ಯರ್ಥವಾಗುತ್ತದೆ ಎಂದು ಕೆಲವರು ಅವುಗಳನ್ನು ಬಿಟ್ಟುಬಿಡುತ್ತಾರೆ. ಈ ಅಭಿಪ್ರಾಯ ಸರಿಯಲ್ಲ ಎಂಬುದನ್ನು ಕೆಳಗಿನ ಲೆಕ್ಕದಿಂದ ತಿಳಿಯಬಹುದು.

610 ಮಿಲಿಮೀಟರ್ ಅಗಲ ಹಾಗೂ 50 ಮೀಟರ್ ಉದ್ದದ ಒಂದು ರೋಲಿನ ವಿಸ್ತೀರ್ಣ 30.5 ಚದರ ಮೀಟರ್. 25 ಮಿಲಿಮೀಟರ್ ಬದಿಯ ಒಂದು ಪರೀಕ್ಷಾ ಚೌಕದ ವಿಸ್ತೀರ್ಣ 0.000625 ಚದರ ಮೀಟರ್. ಅಂದರೆ ಒಂದು ರೋಲಿನ ವಿಸ್ತೀರ್ಣವು 48,800 ಚೌಕಗಳಿಗೆ ಸಮ. ಪರೀಕ್ಷೆ ಮಾಡದೆ ಹಾಳಾದ ಒಂದು ಮೀಟರ್ ಉದ್ದದ ಹಾಳೆಯ ವಿಸ್ತೀರ್ಣ 0.61 ಚದರ ಮೀಟರ್. ಅದು 976 ಚೌಕಗಳಿಗೆ ಸಮ. ಪ್ರತಿ ಕೆಲಸಕ್ಕೆ ಹತ್ತು ಚೌಕಗಳನ್ನು ಕತ್ತರಿಸಿದರೂ, ಹಾಳಾದ ಒಂದೇ ಮೀಟರಿನ ಹಾಳೆಯಲ್ಲಿ 97 ಕೆಲಸಗಳ ಪರೀಕ್ಷೆ ಮುಗಿಯುತ್ತದೆ. ಇದರಲ್ಲಿ ಶಾಯಿ, ಲ್ಯಾಮಿನೇಷನ್, ವಿದ್ಯುತ್ ಹಾಗೂ ಗ್ರಾಹಕರಿಗೆ ಆದ ವಿಳಂಬದ ಬಾಬ್ತು ಸೇರಿರುವುದಿಲ್ಲ. ಸಾಮಗ್ರಿಯನ್ನು ಗದಗ ಅಥವಾ ಹುಬ್ಬಳ್ಳಿಯಿಂದ ತರಿಸಬೇಕಾದ ಘಟಕಕ್ಕೆ ಒಂದು ರೋಲ್ ಮುಗಿದುಹೋದರೆ ಒಂದು ದಿನದ ಕೆಲಸವೇ ನಿಲ್ಲುತ್ತದೆ ಎಂಬುದನ್ನು ಸಹ ಗಮನದಲ್ಲಿರಿಸಿಕೊಳ್ಳಬೇಕು.

11. ಕೈಗೊಳ್ಳಬಹುದಾದ ಮತ್ತು ಕೈಗೊಳ್ಳಬಾರದ ಕೆಲಸಗಳು

(1) ನಾಮಫಲಕ: ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022ಕ್ಕೆ 2024ರಲ್ಲಿ ಮಾಡಲಾದ ತಿದ್ದುಪಡಿಯಂತೆ ವಾಣಿಜ್ಯ ಸಂಸ್ಥೆಗಳ ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡ ಇರತಕ್ಕದ್ದು ಹಾಗೂ ಅದು ಫಲಕದ ಮೇಲ್ಭಾಗದಲ್ಲಿರತಕ್ಕದ್ದು. ಫಲಕ ತಯಾರಕರು ವಿನ್ಯಾಸದ ಹಂತದಲ್ಲಿಯೇ ಈ ಅಂಶವನ್ನು ಗ್ರಾಹಕರಿಗೆ ತಿಳಿಸುವುದು ಒಳಿತು.

(2) ವಾಹನಗಳ ನೋಂದಣಿ ಫಲಕ: 2019ರ ಏಪ್ರಿಲ್ 1ರಿಂದ ತಯಾರಾದ ವಾಹನಗಳಿಗೆ ಅತಿ ಸುರಕ್ಷಿತ ನೋಂದಣಿ ಫಲಕ ಕಡ್ಡಾಯವಾಗಿದೆ. ಅದಕ್ಕೂ ಹಿಂದಿನ ವಾಹನಗಳಿಗೂ ಈ ಫಲಕ ಅಳವಡಿಸುವಂತೆ ಕರ್ನಾಟಕದಲ್ಲಿ 2023ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಲಾಗಿದೆ. ಆದ್ದರಿಂದ ಹಿಂದೆ ಸ್ಟಿಕ್ಕರ್ ಅಂಗಡಿಗಳ ಮುಖ್ಯ ಆದಾಯವಾಗಿದ್ದ ನಂಬರ್ ಪ್ಲೇಟ್ ಬರಹದ ಕೆಲಸವನ್ನು ನಂಬಿ ಯೋಜನಾ ವರದಿ ಸಿದ್ಧಪಡಿಸಬಾರದು.

(3) ಬ್ಯಾನರ್: ಫ್ಲೆಕ್ಸ್ ಹಾಗೂ ಪ್ಲಾಸ್ಟಿಕ್ ಬ್ಯಾನರ್‌ಗಳನ್ನು ರಾಜ್ಯದಲ್ಲಿ 2016ರ ಮಾರ್ಚ್ 11ರ ಅಧಿಸೂಚನೆಯ ಮೂಲಕ ನಿಷೇಧಿಸಲಾಗಿದೆ. 100 ಮೈಕ್ರಾನ್‌ಗಿಂತ ಕಡಿಮೆ ದಪ್ಪದ ಪಿವಿಸಿ ಬ್ಯಾನರ್‌ಗಳನ್ನು 2022ರ ಜುಲೈ 1ರಿಂದ ದೇಶಾದ್ಯಂತ ನಿಷೇಧಿಸಲಾಗಿದೆ. ಸಾರ್ವಜನಿಕ ಗೋಡೆ, ಕಂಬಗಳ ಮೇಲೆ ಅನುಮತಿಯಿಲ್ಲದೆ ಜಾಹೀರಾತು ಅಂಟಿಸುವುದಕ್ಕೆ ಕರ್ನಾಟಕ ತೆರೆದ ಸ್ಥಳಗಳ (ವಿರೂಪಗೊಳಿಸುವುದನ್ನು ತಡೆಗಟ್ಟುವ) ಅಧಿನಿಯಮ, 1981 ಅನ್ವಯಿಸುತ್ತದೆ.

(4) ಲಾಂಛನ: ರಾಷ್ಟ್ರ ಲಾಂಛನವನ್ನು ಅನಧಿಕೃತವಾಗಿ ಬಳಸುವುದು 2005ರ ಕಾಯ್ದೆಯಡಿ ಅಪರಾಧವಾಗಿರುತ್ತದೆ. ಗ್ರಾಹಕರು ಕೇಳಿದರೆಂಬ ಕಾರಣಕ್ಕೆ ಖಾಸಗಿ ವಾಹನಗಳಿಗೆ ಇಂತಹ ಸ್ಟಿಕ್ಕರ್ ಕತ್ತರಿಸಿಕೊಡಬಾರದು.

12. ಸಾಲ ಮತ್ತು ಸಹಾಯಧನ ಕೋರುವವರ ಗಮನಕ್ಕೆ

ಪ್ರಧಾನ ಮಂತ್ರಿಗಳ ಉದ್ಯೋಗ ಸೃಜನ ಕಾರ್ಯಕ್ರಮವು 2008ರಲ್ಲಿ ಆರಂಭವಾಗಿದ್ದು, ಜಿಲ್ಲಾ ಕೈಗಾರಿಕಾ ಕೇಂದ್ರ, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಹಾಗೂ ಖಾದಿ ಮತ್ತು ಗ್ರಾಮೋದ್ಯೋಗ ಮಂಡಳಿಗಳ ಮೂಲಕ ಅನುಷ್ಠಾನಗೊಂಡಿರುತ್ತದೆ. 2022ರ ಪರಿಷ್ಕೃತ ಮಾರ್ಗಸೂಚಿಯಲ್ಲಿ ಯೋಜನಾ ವೆಚ್ಚದ ಗರಿಷ್ಠ ಮಿತಿಯನ್ನು ಉತ್ಪಾದನಾ ಘಟಕಗಳಿಗೆ 50 ಲಕ್ಷ ರೂಪಾಯಿ, ಸೇವಾ ಘಟಕಗಳಿಗೆ 20 ಲಕ್ಷ ರೂಪಾಯಿ ಎಂದು ನಿಗದಿಪಡಿಸಲಾಯಿತು. ಸಹಾಯಧನವನ್ನು ಸಾಮಾನ್ಯ ವರ್ಗಕ್ಕೆ ನಗರ ಪ್ರದೇಶದಲ್ಲಿ ಶೇಕಡ 15, ಗ್ರಾಮೀಣ ಪ್ರದೇಶದಲ್ಲಿ ಶೇಕಡ 25. ಮಹಿಳೆಯರು, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಮುಂತಾದ ವಿಶೇಷ ವರ್ಗಕ್ಕೆ ಕ್ರಮವಾಗಿ ಶೇಕಡ 25 ಮತ್ತು ಶೇಕಡ 35 ಎಂದು ನಮೂದಿಸಲಾಗಿದೆ. ಅರ್ಜಿದಾರರ ಸ್ವಂತ ವಂತಿಗೆ ಸಾಮಾನ್ಯ ವರ್ಗಕ್ಕೆ ಶೇಕಡ 10, ವಿಶೇಷ ವರ್ಗಕ್ಕೆ ಶೇಕಡ 5. ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಪ್ರಮಾಣವನ್ನು ಗದಗ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳುವುದು.

ರೋಣ, ನರಗುಂದ ಮತ್ತು ಗಜೇಂದ್ರಗಡ ಮೂರೂ ಪುರಸಭಾ ಪಟ್ಟಣಗಳಾಗಿರುತ್ತವೆ. ಘಟಕವು ಪುರಸಭೆಯ ವ್ಯಾಪ್ತಿಯಲ್ಲಿದೆಯೋ ಅಥವಾ ಗ್ರಾಮ ಪಂಚಾಯಿತಿಯ ವ್ಯಾಪ್ತಿಯಲ್ಲಿದೆಯೋ ಎಂಬುದರ ಮೇಲೆ ಸಹಾಯಧನದ ಪ್ರಮಾಣ ಬದಲಾಗುವುದರಿಂದ ಅಂಗಡಿಯ ಬಾಡಿಗೆ ಕರಾರು ಮಾಡಿಕೊಳ್ಳುವ ಮೊದಲೇ ಈ ವಿಷಯವನ್ನು ವಿಚಾರಿಸಿಕೊಳ್ಳತಕ್ಕದ್ದು.

ಸದರಿ ಯೋಜನೆಯ ಸಹಾಯಧನವನ್ನು ನಗದಾಗಿ ಕೊಡಲಾಗುವುದಿಲ್ಲ. ಅದನ್ನು ಮೂರು ವರ್ಷಗಳ ಅವಧಿಗೆ ಬ್ಯಾಂಕಿನಲ್ಲಿ ಠೇವಣಿಯಾಗಿ ಇರಿಸಿ, ಘಟಕವು ಕಾರ್ಯನಿರ್ವಹಿಸುತ್ತಿರುವುದು ಭೌತಿಕ ಪರಿಶೀಲನೆಯಲ್ಲಿ ದೃಢಪಟ್ಟ ನಂತರ ಸಾಲದ ಖಾತೆಗೆ ಹೊಂದಾಣಿಕೆ ಮಾಡಲಾಗುತ್ತದೆ. ಯಂತ್ರವನ್ನು ಸರಿಯಾಗಿ ನಡೆಸಲಾರದೆ ಒಂದೆರಡು ತಿಂಗಳಲ್ಲಿ ಬಟ್ಟೆ ಮುಚ್ಚಿ ಮೂಲೆಗಿಟ್ಟ ಘಟಕಕ್ಕೆ ಕಂತಿನ ಹೊರೆಯ ಜೊತೆಗೆ ಸಹಾಯಧನವೂ ಕೈತಪ್ಪುವ ಸಂಭವವಿರುತ್ತದೆ. ಆದ್ದರಿಂದ ಯಂತ್ರ ಖರೀದಿಸುವ ಮುನ್ನ ಈ ಕೆಳಕಂಡಂತೆ ಕ್ರಮ ವಹಿಸಲು ಸಲಹೆ ನೀಡಲಾಗಿದೆ.

(ಅ) ಮಾರಾಟಗಾರರ ಬಳಿ ಬರಿಯ ವಿನೈಲ್ ಮಾತ್ರವಲ್ಲದೆ, ತಾವು ಕೊಂಡೊಯ್ದ ಲ್ಯಾಮಿನೇಟ್ ಹಾಳೆಯನ್ನು ಕತ್ತರಿಸಿ ತೋರಿಸಲು ಕೇಳುವುದು.
(ಆ) ಯಂತ್ರದ ಗರಿಷ್ಠ ಒತ್ತಡ, ಗುರುತು ಓದುವ ಸಂವೇದಕ ಹಾಗೂ ಅಲಗು, ಪಟ್ಟಿಗಳ ಲಭ್ಯತೆಯನ್ನು ದರಪಟ್ಟಿಯಲ್ಲಿಯೇ ನಮೂದಿಸಿಕೊಳ್ಳುವುದು.
(ಇ) ಕಲಿಕೆಯ ಅವಧಿಯಲ್ಲಿ ವ್ಯರ್ಥವಾಗುವ ಸಾಮಗ್ರಿಗಾಗಿ ದುಡಿಯುವ ಬಂಡವಾಳದಲ್ಲಿ ಒಂದು ಭಾಗವನ್ನು ಕಾದಿರಿಸುವುದು.
(ಈ) ಉದ್ಯಮ್ ನೋಂದಣಿಯನ್ನು ಮಾಡಿಸಿಕೊಳ್ಳುವುದು. 2020ರ ಜುಲೈ 1ರಿಂದ ಜಾರಿಗೆ ಬಂದ ಈ ನೋಂದಣಿಗೆ ಸರ್ಕಾರದ ಜಾಲತಾಣದಲ್ಲಿ ಯಾವುದೇ ಶುಲ್ಕವಿರುವುದಿಲ್ಲ.
(ಉ) ಪುರಸಭೆ ಅಥವಾ ಗ್ರಾಮ ಪಂಚಾಯಿತಿಯಿಂದ ವ್ಯಾಪಾರ ಪರವಾನಗಿ ಪಡೆಯುವುದು.

13. ಸುರಕ್ಷತೆ ಮತ್ತು ತ್ಯಾಜ್ಯ

ಯಂತ್ರ ಚಲಿಸುತ್ತಿರುವಾಗ ಗಾಡಿಯ ದಾರಿಯಲ್ಲಿ ಬೆರಳಿಡಬಾರದು. ಬಳಸಿದ ಅಲಗುಗಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಸಂಗ್ರಹಿಸಬೇಕು. ಕಸದ ಬುಟ್ಟಿಗೆ ಹಾಗೆಯೇ ಎಸೆದರೆ ಪೌರಕಾರ್ಮಿಕರ ಕೈಗೆ ಗಾಯವಾಗುತ್ತದೆ. ವಿನೈಲ್ ಚೂರುಗಳನ್ನು ಸುಡಬಾರದು. ಅದು ಪಿವಿಸಿ ವಸ್ತುವಾಗಿದ್ದು, ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಹಾಗೂ ಡಯಾಕ್ಸಿನ್‌ನಂತಹ ವಿಷಕಾರಿ ಪದಾರ್ಥಗಳು ಹೊರಬರುತ್ತವೆ. ಚೂರುಗಳನ್ನು ಒಣ ಕಸವಾಗಿ ಬೇರ್ಪಡಿಸಿ ಸ್ಥಳೀಯ ಸಂಸ್ಥೆಯ ವಾಹನಕ್ಕೆ ಕೊಡತಕ್ಕದ್ದು.

14. ಪ್ರಶ್ನೋತ್ತರ

ಪ್ರಶ್ನೆ: ಬೇರೆ ಅಂಗಡಿಯವರು ಬಳಸುವ ಒತ್ತಡದ ಅಂಕಿಯನ್ನೇ ಬಳಸಬಹುದೇ?
ಉತ್ತರ: ಬಳಸಬಾರದು. ಯಂತ್ರ, ಅಲಗು ಮತ್ತು ಹಾಳೆ ಬದಲಾದಂತೆ ಅಂಕಿಯೂ ಬದಲಾಗುತ್ತದೆ. ಆ ಅಂಕಿಗಿಂತ ಕೆಳಗಿನಿಂದ ಪರೀಕ್ಷೆ ಆರಂಭಿಸಬಹುದು.

ಪ್ರಶ್ನೆ: ಒಂದೇ ಬಾರಿಗೆ ಕತ್ತರಿಸದಿದ್ದರೆ ಎರಡು ಬಾರಿ ಕತ್ತರಿಸಬಹುದೇ?
ಉತ್ತರ: ದಪ್ಪ ಹಾಳೆಗಳಿಗೆ ಕಡಿಮೆ ಒತ್ತಡದಲ್ಲಿ ಎರಡು ಬಾರಿ ಕತ್ತರಿಸುವುದು ಒಪ್ಪತಕ್ಕ ಕ್ರಮ. ಆದರೆ ಹಾಳೆ ಜಾರದಂತೆ ಉರುಳೆಗಳ ಹಿಡಿತ ಸರಿಯಾಗಿರಬೇಕು.

ಪ್ರಶ್ನೆ: ಅಲಗನ್ನು ಯಾವಾಗ ಬದಲಾಯಿಸಬೇಕು?
ಉತ್ತರ: ನಿಗದಿತ ದಿನವಿಲ್ಲ. ಅದೇ ಹಾಳೆಗೆ ವಹಿಯಲ್ಲಿ ನಮೂದಿಸಿದ ಒತ್ತಡಕ್ಕಿಂತ 30 ಅಥವಾ 40 ಗ್ರಾಂ ಹೆಚ್ಚು ಬೇಕಾದಾಗ ಬದಲಾಯಿಸುವುದು ಸೂಕ್ತ.

ಪ್ರಶ್ನೆ: ಹೊಸ ಅಲಗು ಹಾಕಿದ ಮೇಲೆ ಹಳೆಯ ಒತ್ತಡವನ್ನೇ ಮುಂದುವರಿಸಬಹುದೇ?
ಉತ್ತರ: ಕೂಡದು. ಮೊಂಡು ಅಲಗಿಗೆ ಏರಿಸಿದ ಒತ್ತಡದಲ್ಲಿ ಹೊಸ ಅಲಗು ಲೈನರನ್ನೇ ತುಂಡರಿಸುತ್ತದೆ. 100 ಗ್ರಾಂನಿಂದ ಪುನಃ ಆರಂಭಿಸತಕ್ಕದ್ದು.

ಯಂತ್ರದ ಜೊತೆ ಬಂದ ಕೈಪಿಡಿಯಲ್ಲಿನ ಸೂಚನೆಗಳಿಗೂ ಈ ಮಾಹಿತಿಗೂ ವ್ಯತ್ಯಾಸ ಕಂಡುಬಂದಲ್ಲಿ ಕೈಪಿಡಿಯ ಸೂಚನೆಗಳನ್ನೇ ಪಾಲಿಸತಕ್ಕದ್ದು. ಯೋಜನೆ, ಸಾಲ ಮತ್ತು ಸಹಾಯಧನದ ಬಗ್ಗೆ ಹೆಚ್ಚಿನ ವಿವರಗಳಿಗಾಗಿ ಅರ್ಜಿದಾರರು ಕಛೇರಿ ವೇಳೆಯಲ್ಲಿ ಗದಗ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಖುದ್ದಾಗಿ ಸಂಪರ್ಕಿಸಬಹುದಾಗಿದೆ. ಅರ್ಜಿ ಸಲ್ಲಿಸಲು ಮಧ್ಯವರ್ತಿಗಳ ನೆರವು ಪಡೆಯುವ ಅವಶ್ಯಕತೆ ಇರುವುದಿಲ್ಲ.